ಮಗು ಬೆಚ್ಚಿ ಬೀಳುತ್ತೆ ಅಂದಾಗ ನಾನು ಏನೇನು ನೋಡ್ತೀನಿ: ನನ್ನ ಅನುಭವ

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ಬೆಂಗಳೂರಲ್ಲೇ ಓದಿದ್ದು, ಇಲ್ಲೇ ಕೆಲಸ, ಮೊದ್ಲು ಒಂದು ಆಸ್ಪತ್ರೆಲಿ ಎನ್‌ಐಸಿಯುನಿಂದ, ಅಂದ್ರೆ ಹಸುಗೂಸುಗಳ ತೀವ್ರ ನಿಗಾ ಘಟಕದಿಂದ, ಹೊರಗೆ ಬಂದ ಮಕ್ಕಳ ಫಾಲೋಅಪ್ ನೋಡ್ಕೋತಿದ್ದೆ, ಈಗ ಬಸವೇಶ್ವರನಗರದ ಹತ್ರ ಸಣ್ಣ ಕ್ಲಿನಿಕ್ಕು, ಜೊತೆಗೆ ಮನೆಗಳಿಗೂ ಹೋಗ್ತೀನಿ. ಈಚೆಗೆ ಏಳೆಂಟು ವರ್ಷದ ಮಕ್ಕಳನ್ನ ಕರ್ಕೊಂಡು ಬಂದು "ಮೇಡಂ, ಇವ್ನಿಗೆ ಹಸುಗೂಸಿನ ರಿಫ್ಲೆಕ್ಸ್ ಇನ್ನೂ ಹೋಗಿಲ್ವಂತೆ, ಅದಕ್ಕೇ ಓದೋದ್ರಲ್ಲಿ ಹಿಂದೆ ಅಂತೆ" ಅನ್ನೋ ಅಪ್ಪ ಅಮ್ಮ ಜಾಸ್ತಿ ಆಗಿದ್ದಾರೆ. ರಿಫ್ಲೆಕ್ಸ್ ಅಂದ್ರೆ ಬೇಕು ಅಂತ ಮಾಡದೆ ಮೈ ತಾನಾಗೇ ಮಾಡೋ ಚಲನೆ. ಇನ್ನೊಂದು ಕಡೆ ಐದು ತಿಂಗಳ ಕೂಸು ದಿನಾ ಸಾಲು ಸಾಲಾಗಿ ಬೆಚ್ಚಿ ಬೀಳ್ತಿದ್ರೂ ದೃಷ್ಟಿ ತೆಗೆದು ಸುಮ್ನಾಗೋ ಮನೆಗಳೂ ಇವೆ. ರಿಫ್ಲೆಕ್ಸ್ ನೋಡ್ಲೇಬೇಕಾದ ವಯಸ್ಸಲ್ಲಿ ಯಾರೂ ನೋಡಲ್ಲ, ಅದು ಅಷ್ಟೇನೂ ಹೇಳದ ವಯಸ್ಸಲ್ಲಿ ದುಡ್ಡು ಸುರೀತಾರೆ. ಇದು ನಂಗೆ ನಿಜವಾಗ್ಲೂ ಸಂಕಟ ಕೊಡೋ ವಿಷ್ಯ, ಅದಕ್ಕೇ ಕೂತು ಬರೀತಿದೀನಿ.

ಹುಟ್ಟಿದ ಮಗು ಮಾಡೋ ಬಹಳಷ್ಟು ಕೆಲಸ ಬೇಕು ಅಂತ ಮಾಡೋದಲ್ಲ. ಕೆನ್ನೆ ಮುಟ್ಟಿದ್ರೆ ಆ ಕಡೆ ಬಾಯಿ ತಿರುಗಿಸುತ್ತೆ, ಅಂಗೈಲಿ ಬೆರಳಿಟ್ರೆ ಗಟ್ಟಿ ಹಿಡ್ಕೊಳ್ಳುತ್ತೆ, ಪಾತ್ರೆ ಬಿದ್ದ ಸದ್ದಿಗೆ ಎರಡೂ ಕೈ ಅಗಲಿಸಿ ಬೆಚ್ಚುತ್ತೆ. ಇದೆಲ್ಲ ಮೆದುಳಿನ ಕಾಂಡ, ಬೆನ್ನುಹುರಿ ಮಟ್ಟದಲ್ಲಿ ನಡೆಯೋ ಕೆಲಸ. ತಿಂಗಳು ಕಳೀತಾ ಮೆದುಳಿನ ಮೇಲಿನ ಭಾಗ ಬೆಳೆದ ಹಾಗೆ ಇವುಗಳನ್ನ ಅದು ಅದುಮಿ ಇಡುತ್ತೆ, ಅಳಿಸಿ ಹಾಕಲ್ಲ, ಹಾಗಾಗಿಯೇ ಮೆದುಳಿನ ಮುಂಭಾಗಕ್ಕೆ ಪೆಟ್ಟಾದವರಲ್ಲಿ, ಮರೆವಿನ ಕಾಯಿಲೆ ಇರೋ ವಯಸ್ಸಾದವರಲ್ಲಿ ಅಂಗೈ ಸವರಿದ್ರೆ ಗಟ್ಟಿ ಹಿಡಿಯೋ ಆ ಹಳೇ ರಿಫ್ಲೆಕ್ಸ್ ವಾಪಸ್ ಕಾಣಿಸ್ಕೊಳ್ಳುತ್ತೆ. ಅಂದ್ರೆ ಮಗುವಲ್ಲಿ ರಿಫ್ಲೆಕ್ಸ್ ಸರಿಯಾದ ಟೈಮಿಗೆ ತಗ್ಗಿತು ಅಂದ್ರೆ ಮೇಲಿನ ಮೆದುಳು ತನ್ನ ಕೆಲಸ ಶುರು ಮಾಡಿದೆ ಅಂತ ಅರ್ಥ. ನಂಗೆ ಬೇಕಾಗಿರೋ ಸುದ್ದಿ ಅದೇ.

ನಾನು ಚೆಕ್ ಮಾಡೋಕೆ ಮುಂಚೆ ಮೊದ್ಲು ಕೇಳೋದು ಎಷ್ಟನೇ ವಾರಕ್ಕೆ ಹೆರಿಗೆ ಆಯ್ತು ಅಂತ. 32 ವಾರಕ್ಕೆ ಹುಟ್ಟಿದ ಮಗು ಎಂಟು ವಾರ ಮುಂಚೆ ಬಂದಿರುತ್ತೆ, ಕ್ಯಾಲೆಂಡರ್ ಪ್ರಕಾರ ಐದು ತಿಂಗಳಾದ್ರೂ ನನ್ನ ಲೆಕ್ಕದಲ್ಲಿ ಅದು ಮೂರು ತಿಂಗಳ ಮಗು, ಇದನ್ನೇ ಸರಿಪಡಿಸಿದ ವಯಸ್ಸು ಅಂತೀವಿ. ಈ ಲೆಕ್ಕ ಹಿಡಿಯದೆ ಪಕ್ಕದ ಮನೆ ಮಗು ಜೊತೆ ಹೋಲಿಸಿ ಎಷ್ಟೋ ಅಮ್ಮಂದಿರು ಸುಮ್ನೆ ಅಳ್ತಾರೆ. ಆಮೇಲೆ ಮಗು ಹಸಿದಿರಬಾರ್ದು, ಆಗ ತಾನೇ ಹೊಟ್ಟೆ ತುಂಬಾ ಕುಡಿದಿರಬಾರ್ದು, ನಿದ್ದೆ ಮಂಪರಲ್ಲೂ ಇರಬಾರ್ದು. ಎಷ್ಟೋ ಸಲ ನಾನು ಬರೀ ಕಾಯ್ತಾ ಕೂತಿರ್ತೀನಿ, ಅಜ್ಜಿ ಕಾಫಿ ಕೊಡ್ತಾರೆ, ಅಷ್ಟರಲ್ಲಿ ಮಗು ತನ್ನ ಪಾಡಿಗೆ ಕೈಕಾಲು ಆಡಿಸೋದನ್ನ ನೋಡ್ತೀನಿ, ನಿಜ ಹೇಳ್ಬೇಕಂದ್ರೆ ಅರ್ಧ ಪರೀಕ್ಷೆ ಅಲ್ಲೇ ಮುಗಿದಿರುತ್ತೆ.

ಬೆಚ್ಚೋದನ್ನ ನಾವು ಮೋರೋ ರಿಫ್ಲೆಕ್ಸ್ ಅಂತೀವಿ, ಎರ್ನ್‌ಸ್ಟ್ ಮೋರೋ ಅನ್ನೋ ಮಕ್ಕಳ ಡಾಕ್ಟರ್ 1918ರಲ್ಲಿ ಇದನ್ನ ವಿವರಿಸಿದ್ರು. ಮಗು ತಲೆ ಕೆಳಗೆ ನನ್ನ ಅಂಗೈ ಇಟ್ಟು ಸ್ವಲ್ಪ ಎತ್ತಿ, ತಲೆ ನನ್ನ ಕೈಲೇ ಇರೋ ಹಾಗೆ ಪಕ್ಕನೆ ಚೂರು ಇಳಿಸ್ತೀನಿ. ಮಗು ಎರಡೂ ಕೈ ಅಗಲಿಸಿ ಬೆರಳು ಬಿಡಿಸಿ ಮತ್ತೆ ಅಪ್ಪಿಕೊಳ್ಳೋ ಥರ ಒಳಗೆ ತರುತ್ತೆ, ಆಮೇಲೆ ಅಳುತ್ತೆ. ದಯವಿಟ್ಟು ಮನೇಲಿ ಇದನ್ನ ಟ್ರೈ ಮಾಡ್ಬೇಡಿ. ಇಲ್ಲಿ ನಾನು ನೋಡೋದು ಎರಡೂ ಕೈ ಒಂದೇ ಥರ ಬಂತಾ ಅಂತ. ದಪ್ಪ ಮಗು, ಹೆರಿಗೇಲಿ ಭುಜ ಸಿಕ್ಕಾಕೊಂಡಿತ್ತು ಅಂದ್ರೆ ಕೆಲವೊಮ್ಮೆ ಕತ್ತಿನಿಂದ ಕೈಗೆ ಹೋಗೋ ನರ ಎಳೆದಿರುತ್ತೆ, ಆಗ ಆ ಕಡೆ ಕೈ ಏಳೋದೇ ಇಲ್ಲ, ಆದ್ರೆ ಅದೇ ಅಂಗೈಲಿ ಬೆರಳಿಟ್ರೆ ಮಾತ್ರ ಹಿಡ್ಕೊಳ್ಳುತ್ತೆ. ಕಾಲರ್ ಬೋನ್ ಮುರಿದಿದ್ರೂ ಒಂದು ಕೈ ಹಿಂದೇಟು ಹಾಕುತ್ತೆ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳೊಳಗೆ ಮೋರೋ ತಗ್ಗುತ್ತೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಮೋರೋ ತಗ್ಗೋ ವಯಸ್ಸಲ್ಲಿ ಮಗು ಹೊಸದಾಗಿ ಬೆಚ್ಚೋಕೆ ಶುರು ಮಾಡಿದ್ರೆ ಅದನ್ನ ರಿಫ್ಲೆಕ್ಸ್ ಅಂತ ಬಿಡ್ಬೇಡಿ. ಮೋರೋಗೆ ಒಂದು ಕಾರಣ ಇರುತ್ತೆ, ಸದ್ದಾಯ್ತು, ತಲೆ ಜಾರಿತು, ಮಗು ಬೆಚ್ಚಿತು, ಮುಗೀತು. ಇನ್ಫೆಂಟೈಲ್ ಸ್ಪಾಸಂ ಅನ್ನೋ ಒಂದು ಥರದ ಫಿಟ್ಸ್ ಇದೆ, ಅದೂ ನೋಡೋಕೆ ಬೆಚ್ಚಿದ ಹಾಗೇ ಇರುತ್ತೆ, ಆದ್ರೆ ಸದ್ದೇನೂ ಇಲ್ದೆ ಬರುತ್ತೆ, ಅದ್ರಲ್ಲೂ ನಿದ್ದೆಯಿಂದ ಎದ್ದ ಮೇಲೆ ಕತ್ತು ಮುಂದೆ ಬಗ್ಗಿಸಿ ಕೈ ಎತ್ತುತ್ತೆ, ಒಂದೆರಡು ಸೆಕೆಂಡು, ಬಿಡುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ, ಮತ್ತೆ ಅದೇ. ಹೀಗೆ ಸಾಲಾಗಿ. ಜೊತೆಗೆ ಮೊದ್ಲು ನಗ್ತಿದ್ದ ಮಗು ನಗೋದು ಕಮ್ಮಿ ಆಗಿರುತ್ತೆ, ಮುಖ ನೋಡೋದು ಕಮ್ಮಿ ಆಗಿರುತ್ತೆ. ವಿಲಿಯಂ ವೆಸ್ಟ್ ಅನ್ನೋ ಇಂಗ್ಲೆಂಡಿನ ಡಾಕ್ಟರ್ ತನ್ನ ಸ್ವಂತ ಮಗನಲ್ಲೇ ಇದನ್ನ ನೋಡಿ 1841ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಗೆ ಬರೆದಿದ್ರು. ಅವ್ರ ಕೈಲಿ ಆಗ ಔಷಧಿ ಇರ್ಲಿಲ್ಲ, ನಮಗೆ ಈಗ ಇದೆ, ಎಸಿಟಿಎಚ್, ಸ್ಟಿರಾಯ್ಡ್, ವಿಗಾಬಾಟ್ರಿನ್, ಆದ್ರೆ ಬೇಗ ಶುರು ಮಾಡ್ಬೇಕು, ತಡ ಆದಷ್ಟೂ ಮಗುವಿನ ಬುದ್ಧಿ ಬೆಳವಣಿಗೆಗೆ ಹೊಡೆತ. ಒಂದು ಮನೇಲಿ ಅಜ್ಜಿ "ಹೊಟ್ಟೆ ನುಲಿತಕ್ಕೆ ಹಂಗೆ ಮುದುಡ್ಕೊಳುತ್ತೆ ಕಣಮ್ಮ" ಅಂದ್ರು, ನಾನು ಅವ್ರ ಮಗಳ ಹತ್ರ ಮೊಬೈಲಲ್ಲಿ ಇರೋ ವಿಡಿಯೋ ತೋರ್ಸಿ ಅಂದೆ, ನೋಡಿದ ತಕ್ಷಣ ಎಕ್ಸರ್ಸೈಜ್ ಗಿಕ್ಸರ್ಸೈಜ್ ಏನೂ ಬೇಡ, ಇವತ್ತೇ ಮಕ್ಕಳ ನ್ಯೂರಾಲಜಿಸ್ಟ್ ಹತ್ರ ಹೋಗಿ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ನೋಡೋ ಪರೀಕ್ಷೆ) ಮಾಡ್ಸಿ ಅಂತ ಆಟೋ ಹತ್ತಿಸಿ ಕಳಿಸ್ದೆ. ಸ್ಪಾಸಮ್ಮೇ ಆಗಿತ್ತು. ಅವತ್ತೇ ಚಿಕಿತ್ಸೆ ಶುರುವಾಯ್ತು.

ಇನ್ನೊಂದು ರಿಫ್ಲೆಕ್ಸ್, ಬೆಳವಣಿಗೆಗೂ ಇದಕ್ಕೂ ಇರೋ ಸಂಬಂಧ ಬರಿಗಣ್ಣಿಗೇ ಕಾಣೋ ಅಂಥದ್ದು, ಎಟಿಎನ್‌ಆರ್. ಮಗು ಬಲಕ್ಕೆ ತಲೆ ತಿರುಗಿಸಿದ್ರೆ ಬಲಗೈ ಚಾಚುತ್ತೆ, ಎಡಗೈ ಕಿವಿ ಹತ್ರ ಮಡಚುತ್ತೆ, ಬಿಲ್ಲು ಹಿಡಿದವನ ಥರ ಕಾಣುತ್ತೆ. ಎರಡು ಮೂರು ತಿಂಗಳಲ್ಲಿ ಇದು ಮಾಮೂಲು, ಆದ್ರೆ ಆಗಲೂ ಮಗು ಆ ಭಂಗಿಲೇ ಸಿಕ್ಕಾಕೊಂಡಿರಬಾರ್ದು, ತಾನೇ ಬಿಡಿಸ್ಕೊಂಡು ಬರ್ಬೇಕು. ಕೆಂಗೇರಿ ಕಡೆಯ ಒಂದು ಹೆಣ್ಣು ಮಗು, ಅವಧಿಗೆ ಮುಂಚೆ ಹುಟ್ಟಿದ್ದು, ಸರಿಪಡಿಸಿದ ವಯಸ್ಸು ಆರು ತಿಂಗಳು, ಇನ್ನೂ ಬೋರಲು ಬಿದ್ದಿರ್ಲಿಲ್ಲ. ಚಾಪೆ ಮೇಲೆ ಮಲಗಿಸಿದ್ವಿ. ಬಲಕ್ಕೆ ಅಮ್ಮ ಗಿಲಕಿ ಆಡಿಸಿದ್ರು, ಮಗು ತಿರುಗ್ತು, ಬಲಗೈ ಕೋಲಿನ ಹಾಗೆ ನೆಟ್ಟಗಾಯ್ತು, ಮುಷ್ಟಿ ಬಿಗೀತು. ಗಿಲಕಿ ಕಣ್ಣ ಮುಂದೇ ಇದೆ, ಅದಕ್ಕೆ ಬೇಕು ಅಂತ ಮುಖದಲ್ಲೇ ಗೊತ್ತಾಗ್ತಿದೆ, ಮೊಣಕೈ ಮಡಚೋಕೆ ಆಗ್ತಿಲ್ಲ, ಬಾಯಿಗೆ ಕೈ ತರೋಕೆ ಆಗ್ತಿಲ್ಲ, ಮುಖ ಕೆಂಪಾಗಿ ಅಳು ಶುರುವಾಯ್ತು. ಕೈ ಬಾಯಿಗೆ ಬರಲ್ಲ, ಎರಡು ಕೈ ಒಂದನ್ನೊಂದು ಮುಟ್ಟಲ್ಲ, ಮಗ್ಗುಲು ತಿರುಗೋಕೆ ಹೋದ್ರೆ ಚಾಚಿದ ಕೈಯೇ ಅಡ್ಡ. ಬೋರಲು ಬೀಳೋದು, ಕೂರೋದು, ಆಟದ ಸಾಮಾನು ಕೈಯಿಂದ ಕೈಗೆ ಬದಲಾಯಿಸೋದು ಎಲ್ಲ ಇದ್ರ ಹಿಂದೆ ಸಾಲು ನಿಂತಿರುತ್ತೆ.

ನಾವು ಮಾಡಿದ್ದು ಇಷ್ಟು. ಮಗುನ ಮಗ್ಗುಲಾಗಿ ಮಲಗಿಸಿ ಬೆನ್ನಿಗೆ ಸುತ್ತಿದ ಹಳೇ ಸೀರೆ ಆನಿಸಿ ಇಡೋದು, ಮಗ್ಗುಲಲ್ಲಿ ಎರಡೂ ಕೈ ತಾನಾಗೇ ಎದೆ ಮುಂದೆ ಬರುತ್ತೆ, ಅಲ್ಲೇ ಗಿಲಕಿ ಹಿಡಿಸೋದು. ಹಗಲೆಲ್ಲ ಸೀರೆ ಜೋಲಿಲಿ ಇಡೋ ಬದಲು ನೆಲದ ಮೇಲೆ ಜಮಖಾನ ಹಾಸಿ ಬಿಡೋದು. ಮಾತಾಡಿಸೋರು ಎದುರಿಗೆ ಕೂತು ಮಾತಾಡಿಸೋದು, ಒಂದೇ ಪಕ್ಕದಿಂದ ಅಲ್ಲ. ಆಮೇಲೆ ಆ ಮನೆ ಅಜ್ಜಿಗೆ ಹೇಳ್ದೆ, "ಅಜ್ಜಿ, ನೀವು ಎಣ್ಣೆ ಹಚ್ಚಿ ಕಾಲ ಮೇಲೆ ಬೋರಲು ಹಾಕ್ಕೊಂಡು ಎರೀತೀರಲ್ಲ, ಅದನ್ನ ಬಿಡ್ಬೇಡಿ, ನೀರು ಹಾಕೋಕೆ ಮುಂಚೆ ಸ್ವಲ್ಪ ಹೊತ್ತು ಹಾಗೇ ಇರ್ಲಿ, ತಲೆ ಎತ್ತೋ ಹಾಗೆ ಮಾತಾಡ್ಸಿ." ಅವ್ರಿಗೆ ಖುಷಿಯಾಯ್ತು. ಎರೆಯುವಾಗ ಬೋರಲು ಹಾಕೋ ನಮ್ಮ ಪದ್ಧತಿಲಿ ಕತ್ತು ಬೆನ್ನಿಗೆ ಒಳ್ಳೇ ಕೆಲಸ ಸಿಗುತ್ತೆ. ಹಾಗೇ ಎಣ್ಣೆ ಹಚ್ಚುವಾಗ ಬೆನ್ನುಮೂಳೆ ಪಕ್ಕ ಬೆರಳೆಳೆದ್ರೆ ಸೊಂಟ ಆ ಕಡೆಗೇ ವಾಲುತ್ತಲ್ಲ, ಅದೂ ಒಂದು ರಿಫ್ಲೆಕ್ಸೇ, ಗ್ಯಾಲಂಟ್ ಅಂತ, ಎರೆಯೋ ಅಜ್ಜಿಯಂದಿರು ನಮಗಿಂತ ಮುಂಚೆ ನೋಡಿರ್ತಾರೆ.

ತಿಂಗಳುಗಳು ಹಿಡೀತು. ಕೈ ಬಾಯಿಗೆ ಬಂತು, ಆಮೇಲೆ ಬೋರಲು ಬಿತ್ತು. ರಿಫ್ಲೆಕ್ಸನ್ನ ನಾನು ಓಡಿಸಿದೆ ಅಂತ ಹೇಳಲ್ಲ, ಮೆದುಳು ಬೆಳೀತು, ನಾವು ಅದಕ್ಕೆ ಅಭ್ಯಾಸ ಮಾಡೋಕೆ ಅವಕಾಶ ಕೊಟ್ವಿ. ಆ ಮಗುಗೆ ಮುಂದೆ ಸೆರೆಬ್ರಲ್ ಪಾಲ್ಸಿ, ಅಂದ್ರೆ ಎಳೇ ಮೆದುಳಿಗಾದ ತೊಂದರೆಯಿಂದ ಚಲನೆ ಕಷ್ಟ ಆಗೋ ಸ್ಥಿತಿ, ಅಂತ ಗೊತ್ತಾಯ್ತು, ಈಗ ಕಾಲಿಗೆ ಸ್ಪ್ಲಿಂಟ್ ಹಾಕ್ಕೊಂಡು ನಡ್ಕೊಂಡು ಸ್ಕೂಲಿಗೆ ಹೋಗ್ತಾಳೆ. ಮೊದ್ಲೆಲ್ಲ ಸೆರೆಬ್ರಲ್ ಪಾಲ್ಸಿ ಹೇಳೋಕೆ ಒಂದೆರಡು ವರ್ಷ ಕಾಯ್ತಿದ್ರು, 2017ರಲ್ಲಿ ಬೇರೆ ಬೇರೆ ದೇಶದ ತಜ್ಞರು ಸೇರಿ ಜಾಮಾ ಪೀಡಿಯಾಟ್ರಿಕ್ಸ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬರೆದ ಮೇಲೆ ಸರಿಪಡಿಸಿದ ವಯಸ್ಸು ಆರು ತಿಂಗಳು ತುಂಬೋ ಮುಂಚೇನೇ ಹೇಳ್ಬಹುದು ಅಂತ ಆಗಿದೆ. ರಿಫ್ಲೆಕ್ಸ್ ಒಂದನ್ನೇ ನೋಡಿ ಅಲ್ಲ, ಮಗು ತಾನಾಗಿ ಆಡೋ ಚಲನೆ, ಎಂಆರ್‌ಐ, ನರಪರೀಕ್ಷೆ ಎಲ್ಲ ಸೇರಿಸಿ.

ಹೆಜ್ಜೆ ರಿಫ್ಲೆಕ್ಸ್ ಬಗ್ಗೆನೂ ಒಂದು ಮಾತು, ಯಾಕಂದ್ರೆ ಇದ್ರಲ್ಲಿ ಮನೆಯವ್ರಿಗೆ ಗಾಬರಿ ಜಾಸ್ತಿ. ಎತ್ತಿ ಹಿಡಿದು ಪಾದ ನೆಲಕ್ಕೆ ತಾಗಿಸಿದ್ರೆ ಹುಟ್ಟಿದ ಮಗು ಹೆಜ್ಜೆ ಹಾಕುತ್ತೆ, ಎರಡು ತಿಂಗಳಿಗೆ ನಿಂತೋಗುತ್ತೆ, "ಕಾಲಲ್ಲಿ ಶಕ್ತಿ ಹೋಯ್ತಾ ಮೇಡಂ" ಅಂತಾರೆ. ಅಮೆರಿಕದ ಸಂಶೋಧಕಿ ಎಸ್ತರ್ ಥೀಲೆನ್ 1984ರಲ್ಲಿ ತಂಡದ ಜೊತೆ ಪ್ರಕಟಿಸಿದ ಕೆಲಸ ನಂಗೆ ತುಂಬಾ ಇಷ್ಟ. ಹೆಜ್ಜೆ ಕಮ್ಮಿ ಆಗಿದ್ದ ಮಕ್ಕಳನ್ನ ಎದೆಮಟ್ಟ ನೀರಲ್ಲಿ ಹಿಡಿದ್ರೆ ಮತ್ತೆ ಹೆಜ್ಜೆ ಜಾಸ್ತಿ ಆಯ್ತು, ಚಿಕ್ಕ ತೂಕ ಕಾಲಿಗೆ ಕಟ್ಟಿದ್ರೆ ಕಮ್ಮಿ ಆಯ್ತು. ಅಂದ್ರೆ ಕಾಲು ಬೇಗ ದಪ್ಪ ಆಗೋದೂ ಒಂದು ಕಾರಣ. ಎಲ್ಲಾನೂ ಮೆದುಳಿನ ತಲೆಗೇ ಕಟ್ಟೋಕೆ ಆಗಲ್ಲ. ಹಾಗಂತ ನಡಿಗೆ ಕಲಿಸ್ತೀವಿ ಅಂತ ವಾಕರ್‌ನಲ್ಲಿ ಕೂರಿಸ್ಬೇಡಿ, ಅದ್ರಿಂದ ನಡಿಗೆ ಬೇಗ ಬರಲ್ಲ, ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟು ಮಾಡ್ಕೊಳ್ತಾರೆ ಅಂತ ಕೆನಡಾ 2004ರಲ್ಲೇ ಬ್ಯಾನ್ ಮಾಡಿದೆ.

ಅಂಗೈ ಹಿಡಿತ ಐದಾರು ತಿಂಗಳಿಗೆ ತಗ್ಗಿದ್ರೇನೇ ಬೇಕು ಅಂದಾಗ ಹಿಡಿಯೋದು ಬೇಕು ಅಂದಾಗ ಬಿಡೋದು ಬರೋದು. ಹತ್ತು ತಿಂಗಳ ಹೊತ್ತಿಗೆ ನಾನು ತಟ್ಟೇಲಿ ಒಂದೇ ಒಂದು ಕಡ್ಲೆಪುರಿ ಇಟ್ಟು ಪಕ್ಕದಲ್ಲೇ ಕೂತು ನೋಡ್ತೀನಿ, ಹೆಬ್ಬೆರಳು ತೋರುಬೆರಳು ಸೇರಿಸಿ ಎತ್ತುತ್ತಾ, ಎರಡೂ ಕೈಲಿ ಎತ್ತುತ್ತಾ. ಇಲ್ಲೊಂದು ಖುಷಿಯ ಸುದ್ದಿ ಥರ ಕಾಣೋ ಅಪಾಯ ಇದೆ, "ನಮ್ಮ ಪುಟ್ಟ ಎಡಚ, ಎಲ್ಲಾ ಎಡಗೈಲೇ" ಅಂತಾರೆ ಎಂಟು ತಿಂಗಳ ಮಗುಗೆ. ಅಷ್ಟು ಬೇಗ ಒಂದೇ ಕೈ ಓಡಿಸ್ತಿದೆ ಅಂದ್ರೆ ಇನ್ನೊಂದು ಕೈ ಯಾಕೆ ಸುಮ್ನಿದೆ ಅಂತ ಕೇಳ್ಬೇಕು. ಆಗ ನಾನು ಮಗುನ ಸೊಂಟದಲ್ಲಿ ಹಿಡಿದು ಹಾಸಿಗೆ ಕಡೆ ಪಕ್ಕನೆ ಬಗ್ಗಿಸ್ತೀನಿ, ಬೀಳೋದನ್ನ ತಡೆಯೋಕೆ ಎರಡೂ ಕೈ ಮುಂದೆ ಬರ್ಬೇಕು. ಇದು ಪ್ಯಾರಾಚೂಟ್, ಎಂಟೊಂಬತ್ತು ತಿಂಗಳಿಗೆ ಬಂದು ಜೀವನಪೂರ್ತಿ ಉಳಿಯೋ ರಿಫ್ಲೆಕ್ಸ್. ಒಂದು ಕೈ ಬಿಚ್ಚಿ ಬಂದು ಇನ್ನೊಂದು ಮುಷ್ಟಿ ಕಟ್ಟಿ ಹಿಂದೇ ಉಳಿದ್ರೆ ಅವತ್ತೇ ಡಾಕ್ಟರಿಗೆ ಬರೀತೀನಿ.

ಇನ್ನು ದೊಡ್ಡ ಮಕ್ಕಳು. ಎರಡನೇ ಕ್ಲಾಸಿನ ಒಬ್ಬ ಹುಡುಗ, ಅಕ್ಷರ ಚೆನ್ನಾಗಿಲ್ಲ, ಕೂತಲ್ಲಿ ಕೂರಲ್ಲ. ಯಾವ್ದೋ ಸೆಂಟರಲ್ಲಿ ಎಟಿಎನ್‌ಆರ್ ಉಳಿದಿದೆ ಅಂತ ಹೇಳಿ ತಿಂಗಳುಗಟ್ಟಲೆ ಪ್ಯಾಕೇಜ್ ಕೊಟ್ಟಿದ್ರು. ಅಂಬೆಗಾಲಲ್ಲಿ ನಿಲ್ಲಿಸಿ ತಲೆ ತಿರುಗಿಸಿದೆ, ಹೌದು, ಮೊಣಕೈ ಚೂರು ಮಡಚಿತು. ಆದ್ರೆ ಈ ವಯಸ್ಸಲ್ಲಿ ಅಷ್ಟು ಕುರುಹು ಚೆನ್ನಾಗಿ ಓದೋ ಎಷ್ಟೋ ಮಕ್ಕಳಲ್ಲೂ ಇರುತ್ತೆ. 2000ದಲ್ಲಿ ಲ್ಯಾನ್ಸೆಟ್‌ನಲ್ಲಿ ಉತ್ತರ ಐರ್ಲೆಂಡಿನ ಒಂದು ಅಧ್ಯಯನ ಬಂತು, ಓದೋಕೆ ಕಷ್ಟ ಇದ್ದ 60 ಮಕ್ಕಳಲ್ಲಿ ಕೆಲವರಿಗೆ ರಿಫ್ಲೆಕ್ಸ್ ಥರದ ಚಲನೆಗಳನ್ನೇ ಮಾಡಿಸಿದಾಗ ಓದು ಸುಧಾರಿಸ್ತು ಅಂತ, ಆ ಅಧ್ಯಯನ ಸರಿಯಾಗೇ ಮಾಡಿದ್ರು, ಆದ್ರೆ ಅಷ್ಟು ಸಣ್ಣ ಗುಂಪಿನ ಮೇಲೆ ಏಕಾಗ್ರತೆ, ಓದು, ಹಠ ಎಲ್ಲಕ್ಕೂ ಇದೇ ಮೂಲ ಅಂತ ಕಟ್ಟಡ ಕಟ್ಟೋದನ್ನ ನಾನು ಒಪ್ಪಲ್ಲ. ನನ್ನ ಪ್ರಕಾರ ಈ ವಯಸ್ಸಲ್ಲಿ ಉಳಿದ ಕುರುಹು ಒಂದು ಗುರುತು ಇರ್ಬಹುದು, ಕಾರಣ ಅಂತ ಹೇಳೋಕೆ ಆಧಾರ ಸಾಲದು.

ಆ ಹುಡುಗ ಬರೆಯೋದನ್ನ ನೋಡೋಕೆ ಮನೆಗೇ ಹೋದೆ. ಡೈನಿಂಗ್ ಟೇಬಲ್ ಮೇಲೆ ಹೋಂವರ್ಕ್, ಕಾಲು ಗಾಳಿಲಿ ತೂಗಾಡ್ತಿದೆ, ಜಾರಿ ಬೀಳದೆ ಇರೋಕೆ ಎಡಗೈಲಿ ಟೇಬಲ್ ಹಿಡ್ಕೊಂಡಿದಾನೆ, ಹಾಗಾಗಿ ಪುಸ್ತಕ ಹಿಡಿಯೋಕೆ ಕೈ ಇಲ್ಲ, ಪುಸ್ತಕ ತಿರುಗ್ತಿದೆ. ಕಾಲ ಕೆಳಗೆ ಎರಡು ಮಣೆ ಪೇರಿಸಿದ್ವಿ. ಅಮ್ಮಂಗೆ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಅಂದೆ, ಕನ್ನಡಕ ಬಂತು. ಆಮೇಲೆ ಒತ್ತಕ್ಷರ ಬರೆಯೋದು ಕಷ್ಟ ಅಂದ್ರೆ ಒತ್ತಕ್ಷರನೇ ಬರೆಸೋದು, ದಿನಾ ಸ್ವಲ್ಪ, ಅವನಿಗೆ ಇಷ್ಟವಾದ ಕ್ರಿಕೆಟ್ ಆಟಗಾರರ ಹೆಸರುಗಳಲ್ಲಿ. ಯಾವ ಕೆಲಸ ಬೇಕೋ ಆ ಕೆಲಸದ ಅಭ್ಯಾಸನೇ ಮಾಡಿಸೋದು, ನಮ್ಮ ಫೀಲ್ಡಲ್ಲಿ ಇದಕ್ಕೆ ಇರೋ ಆಧಾರ ಗಟ್ಟಿ. ಅಕ್ಷರ ನಿಧಾನಕ್ಕೆ ಸುಧಾರಿಸ್ತು, ಕೂತಲ್ಲಿ ಕೂರದೆ ಇರೋದು ಪೂರ್ತಿ ಹೋಗ್ಲಿಲ್ಲ, ಅದಕ್ಕೆ ನಿಮ್ಹಾನ್ಸ್‌ಗೆ ತೋರ್ಸಿ ಅಂತ ಕಳಿಸಿದೀನಿ.

ಕೂಸುಗಳ ವಿಷ್ಯದಲ್ಲಿ ಅನುಮಾನ ಇದ್ರೆ ಬೆಂಗಳೂರಲ್ಲಿ ದುಡ್ಡಿಲ್ಲ ಅಂತ ನಿಲ್ಬೇಕಾಗಿಲ್ಲ. ಅಂಗನವಾಡಿ ಟೀಚರಿಗೋ ಆಶಾ ಕಾರ್ಯಕರ್ತೆಗೋ ಹೇಳಿದ್ರೆ 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅನ್ನೋ ಸರ್ಕಾರಿ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ ಕಡೆಯಿಂದ ದಾರಿ ಇದೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ, ಇಂದಿರಾನಗರದಲ್ಲಿ ಸೆರೆಬ್ರಲ್ ಪಾಲ್ಸಿಯಂಥ ತೊಂದರೆ ಇರೋ ಮಕ್ಕಳಿಗಾಗಿ ಕೆಲಸ ಮಾಡೋ ಸ್ಪಾಸ್ಟಿಕ್ಸ್ ಸೊಸೈಟಿ ಇದೆ. ಹೋಗುವಾಗ ತಾಯಿ ಕಾರ್ಡು, ಎನ್‌ಐಸಿಯು ಡಿಸ್ಚಾರ್ಜ್ ಪೇಪರ್ ಇಟ್ಕೊಳ್ಳಿ, ಮಗು ಬೆಚ್ಚೋದರ ವಿಡಿಯೋನ ಮುಖ, ಎರಡೂ ಕೈ, ಎರಡೂ ಕಾಲು ಕಾಣೋ ಹಾಗೆ ಬಟ್ಟೆ ಹೊದಿಸದೆ ತೆಗೀರಿ.