ಕಸಿಯಾದ ಮೇಲೆ ಅಂಗವಿಕಲ ಸೌಲಭ್ಯ: ಅರ್ಜಿಯಲ್ಲಿ ಏನು ಬರೆಯಬೇಕು, ಏನು ಬರೆಯಬಾರದು

ಕಿಡ್ನಿ ಕಸಿ ಮಾಡಿಸಿಕೊಂಡವರ ಅಂಗವಿಕಲ ಅರ್ಜಿ ವಾಪಸು ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಅದರಲ್ಲಿ ‘ಕಿಡ್ನಿ ಕಸಿ’ ಎಂದು ಬರೆದಿರುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಕಿಡ್ನಿ ವೈಫಲ್ಯ ಅಲ್ಲಿಲ್ಲ, ಕಸಿಯಾದ ಲಿವರ್, ಹೃದಯಗಳೂ ಇಲ್ಲ. ಜೀವನಪೂರ್ತಿ ಮಾತ್ರೆ ನುಂಗಬೇಕು ಸ್ವಾಮಿ ಎಂದು ಅಂಗವೈಕಲ್ಯ ಅಳೆಯುವ ವೈದ್ಯಕೀಯ ಬೋರ್ಡಿನ ಮುಂದೆ ಎಷ್ಟು ಹೇಳಿಕೊಂಡರೂ ಅದಕ್ಕೆ ಶೇಕಡಾವಾರು ಹಾಕಲು ವೈದ್ಯರ ಬಳಿ ಅಳತೆಗೋಲೇ ಇಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು, ಕಸಿಯ ಆಚೆಗೆ ದೇಹದಲ್ಲಿ ಇನ್ನೇನು ಕೆಟ್ಟಿದೆ ಎಂಬುದನ್ನು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋದವರಿಗೆ ಕಣ್ಣಿನ ರೆಟಿನಾ ಕೂಡ ಹಾಳಾಗಿರುವುದುಂಟು, ಕಾಲಿನ ಭಾಗ ತೆಗೆದಿರುವುದುಂಟು. ಕಸಿಯ ನಂತರ ಕೊಡುವ ಸ್ಟೆರಾಯ್ಡ್‌ನಿಂದ ತೊಡೆ ಮೂಳೆಯ ತಲೆಗೆ ರಕ್ತ ಹೋಗದೆ ಅದು ಕುಸಿಯಬಹುದು. ವೈದ್ಯರು ಎವಿಎನ್ ಎನ್ನುವುದು ಇದನ್ನೇ. ಕೆಲವು ಆಂಟಿಬಯಾಟಿಕ್ ಚುಚ್ಚುಮದ್ದುಗಳು ಕಿವಿಯನ್ನು ಮಂದ ಮಾಡುತ್ತವೆ. ಅರ್ಜಿ ಹಾಕಬೇಕಾದದ್ದು ಈ ಸೊಂಟ, ಕಣ್ಣು, ಕಿವಿಯ ಹೆಸರಿನಲ್ಲಿ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40 ಬೇಕು.

ಎಡವುವುದು ದಾಖಲೆಯಲ್ಲಿ. ನೆಫ್ರಾಲಜಿಸ್ಟ್ (ಕಿಡ್ನಿ ವೈದ್ಯರು) ಬರೆದುಕೊಟ್ಟ ಎರಡು ಪುಟದ ಪತ್ರ ಹಿಡಿದುಕೊಂಡು ಮೂಳೆ ವೈದ್ಯರ ಮುಂದೆ ಕೂತರೆ ಪ್ರಯೋಜನವಿಲ್ಲ. ಸೊಂಟಕ್ಕಾದರೆ ಎಂಆರ್‌ಐ, ಎಕ್ಸ್‌ರೇಗಳ ವರದಿ ಮಾತ್ರವಲ್ಲ, ಫಿಲ್ಮ್ ಕೂಡ ಇರಲಿ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಕಾಲು ಎಷ್ಟು ಸೆಂಟಿಮೀಟರ್ ಗಿಡ್ಡವಾಗಿದೆ ಎಂದು ಮೂಳೆ ವೈದ್ಯರ ಕೈಬರಹದಲ್ಲೇ ಇರಬೇಕು. ಕೀಲು ಬದಲಿಸುವ ಆಪರೇಷನ್‌ಗೆ ದಿನ ಗೊತ್ತಾಗಿದ್ದರೆ ಮುಚ್ಚಿಡಬೇಡಿ. ಆಮೇಲೆ ಬನ್ನಿ ಎನ್ನಬಹುದು, ಇಲ್ಲವೇ ತಾತ್ಕಾಲಿಕ ಪ್ರಮಾಣಪತ್ರ ಕೊಡಬಹುದು. ಕಣ್ಣಿಗಾದರೆ ಕನ್ನಡಕ ಹಾಕಿಕೊಂಡ ಮೇಲಿನ ದೃಷ್ಟಿಯೇ ಲೆಕ್ಕ, ಅದೂ ಎರಡೂ ಕಣ್ಣಿನದು. ಒಂದೇ ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸಿಗುವುದು ಶೇ 30 ಮಾತ್ರ, 40 ಮುಟ್ಟುವುದಿಲ್ಲ. ಕಿವಿಗೆ ಆಡಿಯೋಮೆಟ್ರಿ, ಅಂದರೆ ಎಷ್ಟು ಕೇಳಿಸುತ್ತದೆ ಎಂದು ಅಳೆದ ವರದಿ ಬೇಕು. ಎರಡೂ ಕಿವಿಯಲ್ಲಿ 60 ಡೆಸಿಬಲ್‌ನಷ್ಟಾದರೂ ನಷ್ಟವಿಲ್ಲದಿದ್ದರೆ ಬೋರ್ಡಿಗೆ ಅಲೆಯುವುದು ವ್ಯರ್ಥ.

ಅರ್ಜಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಆಧಾರ್, ಫೋಟೊ, ವರದಿಗಳು. ಇದು ಅರ್ಧ ಗಂಟೆಯ ಕೆಲಸ. ಆದರೆ ಎರಡು ಕಡೆ ಕಣ್ಣಿಟ್ಟಿರಿ. ಒಂದು, ಇನಿಷಿಯಲ್: ಆಧಾರ್‌ನಲ್ಲಿ ‘ಮಂಜುನಾಥ ಎಸ್.’ ಎಂದಿದ್ದು ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಮಂಜುನಾಥ ಶಿವಣ್ಣ’ ಎಂದಿದ್ದರೆ, ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಮೊದಲೇ ಸರಿಪಡಿಸಿಕೊಳ್ಳಿ. ಇನ್ನೊಂದು, ಮೊಬೈಲ್ ಸಂಖ್ಯೆ. ಸೈಬರ್ ಸೆಂಟರ್ ಹುಡುಗ ಒಟಿಪಿ ಬೇಗ ಬರಲಿ ಎಂದು ತನ್ನದೇ ನಂಬರ್ ಹಾಕಿಬಿಡುತ್ತಾನೆ. ತಪಾಸಣೆಯ ದಿನದ ಮೆಸೇಜ್ ಅವನಿಗೆ ಹೋಗುತ್ತದೆ, ನೀವು ಮನೆಯಲ್ಲಿ ಕಾಯುತ್ತಾ ಕೂತಿರುತ್ತೀರಿ. ಆಸ್ಪತ್ರೆ ಗೇಟಿನ ಬಳಿ ‘ಪರ್ಸಂಟೇಜ್ ಮಾಡಿಸಿಕೊಡ್ತೀನಿ ಸರ್’ ಎನ್ನುವ ಏಜೆಂಟರಿಗಂತೂ ಒಂದು ರೂಪಾಯಿಯೂ ಬೇಡ. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಇದೇ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು ಇದೆ.

ಬೆಂಗಳೂರಿನ ಕೆ.ಸಿ. ಜನರಲ್ ಆಸ್ಪತ್ರೆಯಾಗಲಿ ಜಯನಗರ ಜನರಲ್ ಆಗಲಿ, ತಪಾಸಣೆಯ ದಿನ ಗಂಟೆಗಟ್ಟಲೆ ಕೂರಬೇಕಾದೀತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತಿನ್ನುವವರು ಕೆಮ್ಮುವವರ ನಡುವೆ ಕೂರಬಾರದು. ಎನ್95 ಮಾಸ್ಕ್ ಹಾಕಿ, ಮರದ ಕೆಳಗೆ ಕೂತು, ಸರದಿ ನೋಡಲು ಮನೆಯವರನ್ನು ಒಳಗೆ ನಿಲ್ಲಿಸಿ. ಆ ಮಾತ್ರೆಗಳಲ್ಲೊಂದಾದ ಟ್ಯಾಕ್ರೋಲಿಮಸ್ ಜೇಬಿನಲ್ಲೇ ಇರಲಿ, ಹೊತ್ತು ತಪ್ಪಬಾರದು.

ಶೇ 40 ಮುಟ್ಟಿತೇ? ಆದಾಯ ಮಿತಿಯೊಳಗಿದ್ದರೆ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ತೆರಿಗೆ ಕಟ್ಟುವವರಿಗೆ ಆದಾಯದಲ್ಲಿ ₹75,000, ಶೇ 80 ಮುಟ್ಟಿದವರಿಗೆ ₹1,25,000 ಕಡಿತವಿದೆ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 80ಯು). ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ.

ಶೇ 40 ಮುಟ್ಟದವರು, ದೇಹದಲ್ಲಿ ಬೇರೇನೂ ಕೆಡದವರು ಅಂಗವಿಕಲ ಕಚೇರಿಯ ಬಾಗಿಲು ಬಿಟ್ಟು ರೋಗಿಗೆ ಸಿಗುವ ಸೌಲಭ್ಯಗಳ ಕಡೆ ತಿರುಗಬೇಕು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು ಮರೆಯುವುದು ನೌಕರರ ರಾಜ್ಯ ವಿಮೆಯಾದ ಇಎಸ್‌ಐಯನ್ನು. 91 ದಿನದ ಸಾಮಾನ್ಯ ಕಾಯಿಲೆ ಭತ್ಯೆ ಮುಗಿದರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ದೀರ್ಘಕಾಲದ ಕಾಯಿಲೆಗಳಿಗೆ ಎರಡು ವರ್ಷದವರೆಗೆ ವೇತನದ ಶೇ 80 ಕೊಡುವ ವಿಸ್ತರಿತ ಭತ್ಯೆಯಿದೆ, ಆ ಪಟ್ಟಿಯಲ್ಲಿ ಕಿಡ್ನಿ ವೈಫಲ್ಯವಿದೆ. ಎರಡು ವರ್ಷದ ಸತತ ನೌಕರಿ, ಆರಾರು ತಿಂಗಳ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ ಆಗಿರಬೇಕು. ಇಎಸ್‌ಐ ವೈದ್ಯರ ಸರ್ಟಿಫಿಕೇಟ್‌ಗಳ ನಡುವೆ ಒಂದು ದಿನವೂ ಖಾಲಿ ಬಿಡಬೇಡಿ.

ಬಿಪಿಎಲ್ ಕಾರ್ಡಿನವರಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ನೆರವಿದೆ. ಅನುಮತಿ ಆಪರೇಷನ್‌ಗೆ ಮೊದಲೇ ಆಗಬೇಕು. ಬಿಲ್ಲು ಹಿಡಿದುಕೊಂಡು ಆಮೇಲೆ ಹೋದರೆ ಕೆಲಸವಾಗುವುದಿಲ್ಲ.

ಇನ್ನು ಚಿಕಿತ್ಸೆಯ ಖರ್ಚಿಗೆ ಸಿಗುವ ತೆರಿಗೆ ಕಡಿತ (1961ರ ಕಾಯ್ದೆಯಲ್ಲಿ 80ಡಿಡಿಬಿ): ₹40,000ದವರೆಗೆ, ಅರವತ್ತು ತುಂಬಿದ ರೋಗಿಯಾದರೆ ₹1 ಲಕ್ಷ, ವಿಮೆಯಿಂದ ಬಂದದ್ದನ್ನು ಕಳೆದು. ಇದೂ ಹಳೆಯ ಪದ್ಧತಿಯವರಿಗೇ. ಇಲ್ಲಿ ಅಂಗವಿಕಲ ಅರ್ಜಿಯ ನಿಯಮ ತಲೆಕೆಳಗು. ವೈದ್ಯರ ಚೀಟಿಯಲ್ಲಿ ಬರೀ ‘ಕಸಿಯಾದ ರೋಗಿ’ ಎಂದಿದ್ದರೆ ಸಾಲದು, ‘ಕ್ರಾನಿಕ್ ರೀನಲ್ ಫೇಲ್ಯೂರ್’ (ದೀರ್ಘಕಾಲದ ಕಿಡ್ನಿ ವೈಫಲ್ಯ) ಎಂದೇ ಇರಬೇಕು. ಜೊತೆಗೆ ನೆಫ್ರಾಲಜಿಸ್ಟ್‌ರ ಡಿಗ್ರಿ, ನೋಂದಣಿ ಸಂಖ್ಯೆ. ಮೆಡಿಕಲ್ ಶಾಪಿನ ನುಣುಪು ಕಾಗದದ ಬಿಲ್ಲನ್ನು ತಂದ ದಿನವೇ ಜೆರಾಕ್ಸ್ ಮಾಡಿಸಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ: ಆ ಬಿಸಿಗೆ ಇಡೀ ಬಿಲ್ಲು ಕಪ್ಪಗಾಗಿ ಕೈಗೆ ಬರುತ್ತದೆ.