ಮೇಲ್ಮಹಡಿಗೆ ಲ್ಯಾನ್ ಕೇಬಲ್: ಕೆಡುವುದು ತುದಿಯಲ್ಲೇ

ರೂಟರ್ ಕೆಳಗಿನ ಹಾಲ್‌ನಲ್ಲಿ, ಕೆಲಸ ಮೇಲಿನ ಕೋಣೆಯಲ್ಲಿ, ನಡುವೆ ಕಾಂಕ್ರೀಟ್ ತಾರಸಿ. ವೈಫೈ ಎಕ್ಸ್‌ಟೆಂಡರ್‌ಗೆ ದುಡ್ಡು ಸುರಿಯಬೇಡಿ. ಮೇಲಕ್ಕೊಂದು ಕ್ಯಾಟ್-6 ದರ್ಜೆಯ ಲ್ಯಾನ್ ಕೇಬಲ್ ಹಾಕಿ.

ಕೇಬಲ್ ಪೂರ್ತಿ ತಾಮ್ರದ್ದಾಗಿರಲಿ. ಅಗ್ಗಕ್ಕೆ ಸಿಗುವ ‘ಸಿಸಿಎ’ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಬೆಳ್ಳಗೆ ಹೊಳೆದರೆ ಅಂಗಡಿಗೆ ವಾಪಸ್. ತುದಿಗೆ ಹಾಕುವ ಪ್ಲಗ್, ಅಂದರೆ ಆರ್‌ಜೆ-45 ಕನೆಕ್ಟರ್ ಕೂಡ ಕ್ಯಾಟ್-6ರದ್ದೇ ಬೇಕು, ದಪ್ಪ ತಂತಿ ಹಳೆಯದರಲ್ಲಿ ಸಲೀಸಾಗಿ ತೂರುವುದಿಲ್ಲ. ಎರಡು ತುದಿಗೆ ಎರಡೇ ಸಾಕೆಂಬ ಧೈರ್ಯ ಬೇಡ, ಹತ್ತು ತನ್ನಿ.

ಕರೆಂಟ್ ವೈರಿನ ಪೈಪಿನಲ್ಲಿ ತೂರಿಸದೆ ಬೇರೆ ಪೈಪಿನಲ್ಲಿ ಎಳೆಯಿರಿ. ಉದ್ದ 100 ಮೀಟರ್ ದಾಟದಿರಲಿ. ಎರಡೂ ಕಡೆ ಒಂದಡಿ ಹೆಚ್ಚುವರಿ ಬಿಡಿ.

ಈಗ ಕ್ರಿಂಪಿಂಗ್, ಅಂದರೆ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವುದು. ಹೊರಗಿನ ಸಿಪ್ಪೆಯನ್ನು ಒಂದೂವರೆ ಇಂಚು ಸುಲಿಯಿರಿ. ಒಳಗಿನ ತಂತಿಗೆ ಬ್ಲೇಡ್ ತಾಗಿದ್ದರೆ ಆ ತುದಿ ಕತ್ತರಿಸಿ ಮೊದಲಿಂದ ಶುರುಮಾಡಿ. ನಡುವಿನ ಪ್ಲಾಸ್ಟಿಕ್ ಕಡ್ಡಿಯನ್ನು ಬುಡದಲ್ಲೇ ಕತ್ತರಿಸಿ. ಜೋಡಿ ಜೋಡಿಯಾಗಿ ಸುತ್ತಿಕೊಂಡ ಎಂಟು ತಂತಿಗಳ ಹುರಿ ಬಿಚ್ಚಿ, ಬೆರಳಲ್ಲಿ ಉಜ್ಜಿ ನೆಟ್ಟಗೆ ಮಾಡಿ, ಎಡದಿಂದ ಹೀಗೆ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಕೂರುವುದು ನೋಡಲು ವಿಚಿತ್ರ. ಅದನ್ನು ‘ಸರಿಪಡಿಸಿ’ ಎರಡು ಹಸಿರನ್ನು ಪಕ್ಕಪಕ್ಕ ಇಟ್ಟವರೇ ಹೆಚ್ಚು. ಎರಡೂ ತುದಿಯಲ್ಲಿ ಹಾಗೇ ಮಾಡಿದ್ದರೆ ಅಗ್ಗದ ಕೇಬಲ್ ಟೆಸ್ಟರಿನ ದೀಪಗಳು ಒಂದರಿಂದ ಎಂಟರವರೆಗೆ ಸಾಲಾಗಿ ಹತ್ತುತ್ತವೆ. ಆದರೆ ಜೋಡಿ ಒಡೆದು ಸಿಗ್ನಲ್ ಒಂದರದ್ದು ಇನ್ನೊಂದಕ್ಕೆ ಬೆರೆತು ನೆಟ್ ಕುಂಟುತ್ತದೆ.

ಎಂಟೂ ತಂತಿಯನ್ನು ಅರ್ಧ ಇಂಚು ಉಳಿಸಿ ಒಂದೇ ಏಟಿಗೆ ಸಮ ಕತ್ತರಿಸಿ. ತಂತಿಯ ಬಣ್ಣದ ಹೊದಿಕೆ ಸುಲಿಯಬೇಡಿ, ಕನೆಕ್ಟರಿನ ಚಿನ್ನದ ಬಣ್ಣದ ಹಲ್ಲುಗಳೇ ಅದನ್ನು ಚುಚ್ಚಿ ಇಳಿಯುತ್ತವೆ. ಕನೆಕ್ಟರಿನ ಕ್ಲಿಪ್ ಕೆಳಗೆ, ಬಾಯಿ ನಿಮ್ಮ ಕಡೆಗೆ. ತೂರಿಸಿ ಎದುರಿನಿಂದ ನೋಡಿ, ಎಂಟು ತುದಿಯೂ ಕೊನೆ ಮುಟ್ಟಿರಬೇಕು. ಹೊರಗಿನ ಸಿಪ್ಪೆಯೂ ಕನೆಕ್ಟರಿನೊಳಗೆ ಹೋಗಿರಬೇಕು, ಇಲ್ಲದಿದ್ದರೆ ನಾಲ್ಕು ಸಲ ಎಳೆದಾಡುವಷ್ಟರಲ್ಲಿ ಸಡಿಲ. ಆಮೇಲೆ ಕ್ರಿಂಪರ್ ಒತ್ತಿ.

ಎರಡೂ ಕಡೆ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇದ್ದೂ ವೇಗ 100 ಎಂಬಿಪಿಎಸ್‌ಗೇ ನಿಂತರೆ ಮೊದಲು 4, 5, 7, 8ನೇ ತಂತಿ ನೋಡಿ. ನೂರಕ್ಕೆ 1, 2, 3, 6 ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು.

ಮೇಲೆ ವೈಫೈಗೆಂದು ಹಳೇ ರೂಟರ್ ಇಡುವುದಾದರೆ ಮೊದಲು ಅದನ್ನು ಲ್ಯಾಪ್‌ಟಾಪಿಗೆ ಮಾತ್ರ ಸಿಕ್ಕಿಸಿ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸದ ನಂಬರ್ ಹಂಚುವ ಸೌಲಭ್ಯ) ಆಫ್ ಮಾಡಿ. ಕೆಳಗಿನ ರೂಟರಿನ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಆ ನಂಬರನ್ನು ಕೆಳಗಿನ ರೂಟರ್ ಬೇರೆ ಯಾರಿಗೂ ಹಂಚದಂತೆ ನೋಡಿಕೊಳ್ಳಿ. ಕೇಬಲ್ ಹೋಗಬೇಕಾದ್ದು ಇಂಟರ್ನೆಟ್ ಒಳಬರುವ ವ್ಯಾನ್ ತೂತಿಗಲ್ಲ, ಲ್ಯಾನ್ ತೂತಿಗೆ. ಹೊಸ ವಿಳಾಸವನ್ನು ಚೀಟಿಯಲ್ಲಿ ಬರೆದು ರೂಟರಿನ ಬೆನ್ನಿಗೆ ಅಂಟಿಸಿ. ಆರು ತಿಂಗಳ ನಂತರ ಪಾಸ್‌ವರ್ಡ್ ಬದಲಿಸಲು ಅದೇ ಬೇಕಾಗುವುದು.