ಕುರ್ಚಿ ಬಿಟ್ಟ ಮರುದಿನದಿಂದ

2020ರ ಡಿಸೆಂಬರ್ 30ರಂದು ಗ್ರಾಮ ಪಂಚಾಯಿತಿ ಚುನಾವಣೆಯ ಮತ ಎಣಿಕೆ ನಡೆಯಿತು. 41 ಮತಗಳಿಂದ ಸೋತೆ. ಅದಕ್ಕೂ ಹಿಂದಿನ ಐದು ವರ್ಷ ನಾನೇ ಅಧ್ಯಕ್ಷೆಯಾಗಿದ್ದೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟರಲ್ಲಿ ಹತ್ತು ಕರೆ ಬಂದಿರುತ್ತಿದ್ದ ಮೊಬೈಲ್, 31ರ ಸಂಜೆಯವರೆಗೆ ಎರಡೇ ಸಲ ಬಡಿದುಕೊಂಡಿತು. ಒಂದು ತಂಗಿಯದು. ಇನ್ನೊಂದು ಫ್ಲೆಕ್ಸ್ ಮುದ್ರಿಸಿಕೊಟ್ಟವನದು, ಬಾಕಿ ಹಣ ಕೇಳಲು.

ಮಂಡ್ಯದ ಸುತ್ತಮುತ್ತ ಅವಧಿ ಮುಗಿಸಿದವರು, ಸೋತವರು, ಸಹಕಾರ ಸಂಘದಿಂದ ಇಳಿದವರು ಈಗಲೂ ಮನೆಗೆ ಬಂದು ಕೇಳುತ್ತಾರೆ: ಅಕ್ಕಾ, ಇನ್ನು ಏನು ಮಾಡುವುದು? ಅವರಿಗೆ ಜಗುಲಿಯ ಮೇಲೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ದಾರಿ ತೋರಿಸಿದವರು ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಲ್ಲಿ ಕುಡಿಯುವ ನೀರಿನ ತರಬೇತಿಗೆ ಹೋದಾಗ ನಾರುಹುಣ್ಣು ಎಂಬ ರೋಗದ ಪಾಠದ ನಡುವೆ ಅವರ ಹೆಸರು ಮೊದಲ ಸಲ ಕೇಳಿದ್ದೆ. ಸೋತ ಮೇಲೆ ಆ ಹೆಸರು ನೆನಪಾಯಿತು, ಹುಡುಕಿ ಓದಿದೆ. ದೇಶದ ಕುರ್ಚಿಗೂ ಊರಿನ ಕುರ್ಚಿಗೂ ಅಳತೆ ಬೇರೆ. ಅದನ್ನು ಬಿಟ್ಟು ಮನೆಗೆ ಬಂದವರ ಸಂಜೆ ಮಾತ್ರ ಎಲ್ಲರಿಗೂ ಒಂದೇ ಉದ್ದ.

ಮೊದಲ ವಾರದಲ್ಲಿ ಕೊಡಬೇಕಾದದ್ದನ್ನೆಲ್ಲ ಕೊಟ್ಟುಬಿಡಿ. ಬೀರುವಿನ ಕೀಲಿ, ಮನೆಗೆ ತಂದಿದ್ದ ಕಡತ, ಮೊಹರು, ಉಳಿದ ಲೆಟರ್‌ಹೆಡ್ ಎಲ್ಲದಕ್ಕೂ ಪಟ್ಟಿ ಬರೆದು ಪಿಡಿಒ ಅವರಿಂದ ಸಹಿ ಪಡೆಯಿರಿ. ಗಾಡಿಯ ಮೇಲಿನ ‘ಅಧ್ಯಕ್ಷರು’ ಎಂಬ ಸ್ಟಿಕರನ್ನು ಅದೇ ದಿನ ಕಿತ್ತುಹಾಕಿ. ಸರ್ ಎಂ. ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿ ಬಿಟ್ಟಾಗ, ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋಗಿ ಸ್ವಂತ ಕಾರಿನಲ್ಲಿ ಹಿಂತಿರುಗಿದರು ಎಂಬ ಕತೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದರ ಮುಂದಿನ ಭಾಗವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅವರು ದಿವಾನರಾಗಿದ್ದದ್ದು ಆರು ವರ್ಷ, ದಿವಾನಗಿರಿ ಬಿಟ್ಟು ಬದುಕಿದ್ದು ನಲವತ್ತಮೂರು ವರ್ಷಕ್ಕೂ ಹೆಚ್ಚು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ಅದನ್ನು ಹಳಿಗೆ ತಂದರು. ಭಾರತರತ್ನ ಬಂದದ್ದು 1955ರಲ್ಲಿ. ನಮ್ಮ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲಿ ಅವರ ಪಟವೂ ಇದೆ. ಆ ಪೇಟ ತೊಟ್ಟ ಮುಖಕ್ಕೆ ನಾವು ಕೈ ಮುಗಿಯುವಾಗ ದಿವಾನಗಿರಿ ಯಾರ ನೆನಪಿಗೂ ಬರುವುದಿಲ್ಲ, ನೀರು ಬರುತ್ತದೆ.

ಆರು ತಿಂಗಳ ಕಾಲ ಪಂಚಾಯಿತಿ ಕಚೇರಿಯ ಮೆಟ್ಟಿಲನ್ನು ಕಂದಾಯ ಕಟ್ಟುವುದಕ್ಕೆ ಮಾತ್ರ ಹತ್ತಿ. ಹಳೆಯ ಅಭ್ಯಾಸದಲ್ಲಿ ಒಳಗೆ ಹೋಗಿ ಕೂತರೆ ಬಿಲ್ ಕಲೆಕ್ಟರ್ ಎದ್ದು ನಿಲ್ಲಬೇಕೋ ಬೇಡವೋ ತಿಳಿಯದೆ ಒದ್ದಾಡುತ್ತಾನೆ. ಆ ಸಂಕಟವನ್ನು ಅವನಿಗೆ ಕೊಡಬೇಡಿ.

ಆಮೇಲೆ ಸಾಲ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಮಾಜಿಗಳ ಹೆಸರು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಚುನಾವಣೆಗೆ ಮಾಡಿದ ಸಾಲ ತೀರಿಸಲು ಮಧ್ಯಸ್ಥಿಕೆಗೆ ಇಳಿಯುತ್ತೀರಿ, ಖಾತೆ ಮಾಡಿಸಿಕೊಡುತ್ತೇನೆ ಎಂದು ಒಬ್ಬರಿಂದ ಹಣ ಪಡೆಯುತ್ತೀರಿ, ಅಲ್ಲಿಗೆ ಮುಗಿಯಿತು. ಕಾರ್ಟರ್ 1981ರ ಜನವರಿಯಲ್ಲಿ ಜಾರ್ಜಿಯಾದ ಪ್ಲೇನ್ಸ್ ಎಂಬ ತಮ್ಮ ಪುಟ್ಟ ಊರಿಗೆ ಹಿಂತಿರುಗಿದಾಗ ಅವರಿಗೆ 56 ವರ್ಷ. 50 ರಾಜ್ಯಗಳಲ್ಲಿ ಆರನ್ನು ಮಾತ್ರ ಗೆದ್ದು ಸೋತಿದ್ದರು. ಅಧಿಕಾರದಲ್ಲಿದ್ದಾಗ ಬೇರೆಯವರ ಕೈಗೆ ಒಪ್ಪಿಸಿದ್ದ ಕಡಲೆಕಾಯಿ ವ್ಯಾಪಾರ ಸುಮಾರು ಹತ್ತು ಲಕ್ಷ ಡಾಲರ್ ಸಾಲದಲ್ಲಿ ಮುಳುಗಿತ್ತು. ವ್ಯಾಪಾರ ಮಾರಿದರು, ಪುಸ್ತಕ ಬರೆದು ದುಡಿದರು. ನಾನು ಎರಡು ಹಸು ಮಾರಿದೆ, ಒಂದು ಚೀಟಿ ಎತ್ತಿದೆ. ಫ್ಲೆಕ್ಸಿನವನಿಗೆ ಯುಗಾದಿಯೊಳಗೆ ಪೂರ್ತಿ ಕೊಟ್ಟೆ. ಸಾಲ ತೀರುವವರೆಗೆ ಸಾರ್ವಜನಿಕ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಕಷ್ಟದ ಭಾಗ. ನಿಮ್ಮ ಕಾಲದಲ್ಲಿ ಆದ ತಪ್ಪುಗಳಲ್ಲಿ ದೊಡ್ಡದು ಯಾವುದೆಂದು ನಿಮಗೇ ಗೊತ್ತಿರುತ್ತದೆ. ಅದು ಆದ ಜಾಗಕ್ಕೆ ನಡೆದುಕೊಂಡು ಹೋಗಿ. ನನ್ನದು ಒಂದು ಚರಂಡಿ. ಊರಿನ ಕೆಳಗಿನ ಬೀದಿಗೆ ಮಾಡಿಸುತ್ತೇನೆಂದು 2016ರ ಗ್ರಾಮಸಭೆಯಲ್ಲಿ ಮಾತು ಕೊಟ್ಟಿದ್ದೆ. ಒತ್ತಡಕ್ಕೆ ಮಣಿದು ಆ ಹಣವನ್ನು ಮೇಲಿನ ಬೀದಿಯ ಕಾಂಕ್ರೀಟ್ ರಸ್ತೆಗೆ ಹಾಕಲು ಸಹಿ ಮಾಡಿದೆ. ಮಳೆ ಬಂದಾಗಲೆಲ್ಲ ಕೆಳಗಿನ ಬೀದಿಯ ಹನ್ನೊಂದು ಮನೆಗಳ ಮುಂದೆ ಕೊಳಚೆ ನಿಲ್ಲುತ್ತಿತ್ತು. ಆ ಬೀದಿಯ ಮತಗಟ್ಟೆಯಲ್ಲೇ ನಾನು ಸೋತದ್ದು, ಅದರಲ್ಲಿ ಅನ್ಯಾಯವೇನೂ ಇಲ್ಲ.

ಫೆಬ್ರವರಿಯ ಒಂದು ಸಂಜೆ ಒಬ್ಬಳೇ ಹೋದೆ. ಜೊತೆಗೆ ಯಾರನ್ನೂ ಕರೆದುಕೊಂಡು ಹೋಗಬೇಡಿ, ಫೋಟೊ ತೆಗೆಸಬೇಡಿ. ಹನ್ನೊಂದು ಮನೆಗಳಲ್ಲಿಯೂ ಒಂದೇ ಮಾತು ಹೇಳಿದೆ: ಹಣ ಬಂದಿತ್ತು, ಅದನ್ನು ಬೇರೆ ಕಡೆ ಹಾಕಲು ಸಹಿ ಮಾಡಿದ್ದು ನಾನು, ತಪ್ಪಾಯಿತು. ‘ಒತ್ತಡ ಇತ್ತು’ ಎಂದು ಹೇಳಬೇಡಿ. ಒತ್ತಡ ಇದ್ದದ್ದು ನಿಜವಾದರೂ ಹೇಳಬೇಡಿ, ಏಕೆಂದರೆ ಆ ಮಾತು ಬಾಯಿಂದ ಬಿದ್ದ ಕೂಡಲೇ ಕೇಳುವವರ ಮುಖ ಮುಚ್ಚಿಕೊಳ್ಳುತ್ತದೆ. ನಾಲ್ಕು ಮನೆಯವರು ಒಳಗೆ ಕರೆದರು. ಒಬ್ಬ ಅಜ್ಜಿ ಬೈದಳು, ತುಂಬ ಹೊತ್ತು ಬೈದಳು, ನಿಂತು ಕೇಳಿದೆ. ಉಳಿದವರು ಆಯಿತು ಬಿಡಿ ಎಂದಷ್ಟೇ ಅಂದರು. ಹೋದದ್ದರಿಂದ ಏನು ಸಿಕ್ಕಿತು ಎಂದು ಕೇಳಬೇಡಿ. ಅಲ್ಲಿಗೆ ಹೋಗದೆ ಮುಂದಿನ ಕೆಲಸ ಶುರು ಮಾಡಲು ನನ್ನಿಂದ ಆಗುತ್ತಿರಲಿಲ್ಲ.

ಆ ಕೆಲಸ ಒಂದೇ ಒಂದಾಗಿರಲಿ. ಕಾರ್ಟರ್ 1982ರಲ್ಲಿ ಅಟ್ಲಾಂಟಾದಲ್ಲಿ ಎಮೊರಿ ವಿಶ್ವವಿದ್ಯಾಲಯದ ಜೊತೆಗೂಡಿ ತಮ್ಮ ಹೆಸರಿನ ಕೇಂದ್ರವನ್ನು ಕಟ್ಟಿದರು. ಚುನಾವಣೆಗಳ ವೀಕ್ಷಣೆ, ಸಂಧಾನ ಎಂದು ಅದು ಮಾಡಿದ ಕೆಲಸ ಬಹಳ. 2002ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ನನ್ನ ಮನಸ್ಸು ಹಿಡಿದದ್ದು ನಾರುಹುಣ್ಣು. ಕೆರೆಕುಂಟೆಯ ನೀರು ಕುಡಿದವರ ಒಳಗೆ ಬೆಳೆದು, ವರ್ಷದ ಬಳಿಕ ಕಾಲಿನ ಚರ್ಮ ಸೀಳಿ ಹೊರಬರುವ ಎರಡು ಮೂರು ಅಡಿ ಉದ್ದದ ಹುಳು ಅದು. ಲಸಿಕೆ ಇಲ್ಲ, ಗುಣಪಡಿಸುವ ಔಷಧವೂ ಇಲ್ಲ. ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆದು ತೆಗೆಯಬೇಕು. ನಮ್ಮ ದೇಶದಲ್ಲೂ ಇತ್ತು. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುವ ಊರುಗಳಲ್ಲಿ ಕಾಡುತ್ತಿತ್ತು. ಭಾರತದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದು, 2000ದಲ್ಲಿ ನಮ್ಮ ದೇಶ ರೋಗಮುಕ್ತವೆಂದು ಘೋಷಣೆಯಾಯಿತು. ಕಾರ್ಟರ್ ಕೇಂದ್ರ 1986ರಲ್ಲಿ ಈ ರೋಗದ ಬೆನ್ನು ಹತ್ತಿದಾಗ ಆಫ್ರಿಕಾ, ಏಷ್ಯಾಗಳ 21 ದೇಶಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಅದು ತಗಲುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿರುವ ಕಾಲನ್ನು ಕೆರೆಗೆ ಇಳಿಸಬೇಡಿ ಎಂದು ಊರೂರಿನಲ್ಲಿ ಹೇಳಿದರು, ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಎಣಿಸಿದರು. 1995ರಲ್ಲಿ ಸುಡಾನಿನ ಅಂತರ್ಯುದ್ಧವನ್ನೇ ಕೆಲವು ತಿಂಗಳು ನಿಲ್ಲಿಸಿ ಕಾರ್ಯಕರ್ತರು ಹಳ್ಳಿಗಳಿಗೆ ಹೋಗಲು ಕಾರ್ಟರ್ ದಾರಿ ಮಾಡಿಸಿದರು. 2023ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದ ರೋಗಿಗಳು 14. 2024ರ ಡಿಸೆಂಬರ್ 29ರಂದು, ನೂರು ತುಂಬಿದ ಮೇಲೆ, ಕಾರ್ಟರ್ ತೀರಿಕೊಂಡರು. ಸುದ್ದಿ ತಿಳಿದ ದಿನ ನಾನು ಮನೆಯಲ್ಲಿ ದೀಪ ಹಚ್ಚಿದೆ.

ಎಣಿಸಲು ಬರುವ ಕೆಲಸವನ್ನು ಹುಡುಕಿ. ‘ಸಮಾಜಸೇವೆ’ ಎಂದರೆ ಯಾರೂ ಅಳೆಯಲಾರರು, ನೀವೂ ಅಳೆಯಲಾರಿರಿ. ಕೆಲಸ ನಡೆದು ಹೋಗುವಷ್ಟು ದೂರದಲ್ಲಿರಲಿ, ಯಾರ ಸಹಿಗೂ ಕಾಯದೆ ನಾಳೆಯೇ ಶುರು ಮಾಡುವಂಥದ್ದಾಗಿರಲಿ. ಅದರಿಂದ ನಿಮ್ಮ ಮನೆಗೆ ಲಾಭ ಇರಕೂಡದು, ಸ್ವಲ್ಪ ನಷ್ಟವಿದ್ದರೆ ಇನ್ನೂ ಒಳ್ಳೆಯದು.

ನಾನು ಹಿಡಿದದ್ದು ನಾಲೆಯ ಕೊನೆ ಭಾಗ. ವಿಶ್ವೇಶ್ವರಯ್ಯ ನಾಲೆಯಿಂದ ನಮ್ಮ ಕಡೆ ಹರಿಯುವ ಸೀಳುಗಾಲುವೆಯ ತಲೆಯಲ್ಲಿ ನಮ್ಮದೇ ಗದ್ದೆ ಇದೆ, ನಮಗೆ ನೀರಿಗೆ ಬರವಿಲ್ಲ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟಾಗ ಕೊನೆಯ ತೂಬಿನವರಿಗೆ ಬಂತೋ ಇಲ್ಲವೋ ಎಂಬುದು ಪ್ರತಿ ಸಲವೂ ಜಗಳ. ಇಲಾಖೆಯವರು ಬಂತು ಎನ್ನುತ್ತಾರೆ, ರೈತರು ಬರಲಿಲ್ಲ ಎನ್ನುತ್ತಾರೆ, ಬರೆದಿಟ್ಟವರು ಯಾರೂ ಇಲ್ಲ. ನಾನು 200 ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಅಂಕಣ ಎಳೆದೆ: ಮೇಲೆ ನೀರು ಬಿಟ್ಟ ತಾರೀಖು, ಕೊನೆಯ ತೂಬಿಗೆ ತಲುಪಿದ ತಾರೀಖು ಮತ್ತು ಸಮಯ, ಎಷ್ಟು ಅಂಗುಲ, ಎಷ್ಟು ದಿನ ನಿಂತಿತು. ಅಂಗುಲಕ್ಕೆ ಗುರುತು ಹಾಕಿದ ಬಿದಿರಿನ ಕೋಲು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ. ನೀರುಗಂಟಿ ಮೊದಲು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಒಂದು ತಿಂಗಳ ನಂತರ ತಾನೇ ಕೂಗಿ ಅಂಗುಲ ಹೇಳತೊಡಗಿದ.

ಮೊದಲ ಸಲದ ಲೆಕ್ಕದಲ್ಲಿ ನೀರು ಕೊನೆಗೆ ತಲುಪಲು ಒಂಬತ್ತು ದಿನ, ನಿಂತದ್ದು ಎರಡು ದಿನ. ಏಕೆಂದು ಕಾಲುವೆಯ ಉದ್ದಕ್ಕೂ ನಡೆದು ನೋಡಿದೆ. ಎರಡು ಕಡೆ ಹೂಳು, ಐದು ಕಡೆ ಏರಿ ಒಡೆದು ಹಾಕಿದ ಪೈಪುಗಳು. ಆ ಐದರಲ್ಲಿ ಎರಡು ನಮ್ಮ ಬಂಧುಗಳವು. ಅದನ್ನೂ ಪುಸ್ತಕದಲ್ಲಿ ಬರೆದೆ. ಮನೆಯಲ್ಲಿ ಮೂರು ತಿಂಗಳು ಸರಿಯಾಗಿ ಮಾತಿರಲಿಲ್ಲ, ಒಂದು ಮದುವೆಗೆ ನಮ್ಮನ್ನು ಕರೆಯಲಿಲ್ಲ. ಆದರೆ ಕೊನೆ ಭಾಗದ ರೈತರು ನನ್ನ ಲೆಕ್ಕವನ್ನು ನಂಬಿದ್ದು ಆ ಎರಡು ಸಾಲುಗಳನ್ನು ಓದಿದ ದಿನ. 2023ರ ಬರಗಾಲದಲ್ಲಿ ನಾಲೆಗೆ ನೀರು ಬಿಡುವುದೇ ಕಷ್ಟವಾದಾಗಲೂ ಹೋಗಿ ನೋಡಿ ‘ಇಂದು ಇಲ್ಲ’ ಎಂದು ಬರೆದು ಬಂದೆ. ಪುಟಗಟ್ಟಲೆ ‘ಇಂದು ಇಲ್ಲ’ ಇದೆ. ಖಾಲಿ ಬಿಟ್ಟಿದ್ದರೆ ಆ ಪುಸ್ತಕವನ್ನು ಆಮೇಲೆ ಯಾರೂ ಪ್ರಮಾಣವಾಗಿ ಹಿಡಿಯುತ್ತಿರಲಿಲ್ಲ. ಮರುವರ್ಷ ರೈತರ ಸಭೆಯೊಂದರಲ್ಲಿ ಎಂಜಿನಿಯರ್ ಒಬ್ಬರು ಅದನ್ನು ಅರ್ಧ ಗಂಟೆ ತಿರುವಿ ನೋಡಿ ಪುಟಗಳ ಫೋಟೊ ತೆಗೆದುಕೊಂಡರು. ಹೂಳು ತೆಗೆಸಿದರು. ಈಗ ನೀರು ಐದನೆಯ ದಿನ ಕೊನೆಗೆ ಬರುತ್ತದೆ.

ನಿಮ್ಮ ಎದುರಾಳಿಯ ಮನೆಗೂ ಹೋಗಿ. 2015ರಲ್ಲಿ ನಾನು ಸೋಲಿಸಿದ್ದ ಹೆಂಗಸಿನ ಜೊತೆ ಐದು ವರ್ಷ ಮಾತಾಡಿರಲಿಲ್ಲ. ಸೋತವರ ಕಷ್ಟ ಏನೆಂದು ತಿಳಿದ ಮೇಲೆ ಮೊದಲು ನೆನಪಾದದ್ದು ಅವಳೇ. ಕಾರ್ಟರ್ 1976ರಲ್ಲಿ ಆಗಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರನ್ನು ಸೋಲಿಸಿದ್ದರು. 1981ರಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದಾತ್ ಅವರ ಅಂತ್ಯಕ್ರಿಯೆಗೆ ಹೋಗಿ ಬರುವ ವಿಮಾನದಲ್ಲಿ ಇಬ್ಬರೂ ಸ್ನೇಹಿತರಾದರು. ಫೋರ್ಡ್ ತೀರಿಕೊಂಡಾಗ 2007ರ ಜನವರಿಯಲ್ಲಿ ನುಡಿನಮನ ಸಲ್ಲಿಸಿದವರಲ್ಲಿ ಕಾರ್ಟರ್ ಒಬ್ಬರು. ಅವಳೂ ನಾನೂ ಈಗ ಸರದಿಯ ಮೇಲೆ ತೂಬಿಗೆ ಹೋಗುತ್ತೇವೆ. ನಾನು ಊರಿನಲ್ಲಿ ಇಲ್ಲದ ದಿನಗಳ ಅಕ್ಷರ ಅವಳದು.

ಒಂದು ವಿಷಯದಲ್ಲಿ ಕಾರ್ಟರ್ ದಾರಿ ನನಗೆ ಒಪ್ಪಿಗೆಯಿಲ್ಲ. ಕುವೈತ್ ಯುದ್ಧಕ್ಕೆ ಮೊದಲು, 1990ರಲ್ಲಿ, ತಮ್ಮ ದೇಶದ ಅಧ್ಯಕ್ಷರ ನಿಲುವಿಗೆ ಎದುರಾಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ದೇಶಗಳಿಗೆ ಪತ್ರ ಬರೆದರು. ಅವರ ಆತ್ಮಸಾಕ್ಷಿ ಹಾಗೆ ಹೇಳಿರಬಹುದು. ಊರಿನ ಮಟ್ಟದಲ್ಲಿ ಮಾತ್ರ ಈಗಿನ ಅಧ್ಯಕ್ಷರ ತಲೆಯ ಮೇಲಿಂದ ತಹಸೀಲ್ದಾರರಿಗೆ ಫೋನ್ ಮಾಡಬೇಡಿ. ಒಮ್ಮೆ ಮಾಡಿದೆ, ಕೆಲಸವೂ ಆಯಿತು. ಆದರೆ ಹೊಸ ಅಧ್ಯಕ್ಷೆ ಒಂದು ವರ್ಷ ನನ್ನ ಯಾವ ಮಾತನ್ನೂ ಕೇಳಲಿಲ್ಲ, ಅದರಿಂದ ಕೊನೆ ಭಾಗದವರಿಗೆ ನಷ್ಟವಾಯಿತು. ಈಗ ಲೆಕ್ಕದ ಪ್ರತಿ ಮೊದಲು ಪಂಚಾಯಿತಿಗೆ, ಆಮೇಲೆ ಇಲಾಖೆಗೆ.

ಮತ್ತೆ ನಿಲ್ಲುವ ಆಸೆ ಇದ್ದವರು ಅದನ್ನು ಬಚ್ಚಿಡಬೇಡಿ. ಆ ದಾರಿಯೂ ಇದೆ. ಇಂದಿರಾ ಗಾಂಧಿ 1977ರ ಮಾರ್ಚಿನಲ್ಲಿ ರಾಯ್‌ಬರೇಲಿಯಲ್ಲಿ ಸೋತು, ಅದೇ ವರ್ಷದ ಆಗಸ್ಟಿನಲ್ಲಿ ದಲಿತರ ಹತ್ಯೆ ನಡೆದಿದ್ದ ಬಿಹಾರದ ಬೆಲ್ಚಿ ಎಂಬ ಹಳ್ಳಿಗೆ ಕೆಸರು ದಾಟಿ ಆನೆಯ ಮೇಲೆ ಹೋದರು. 1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರಿನಿಂದ ಗೆದ್ದರು, 1980ರ ಜನವರಿಯಲ್ಲಿ ಮತ್ತೆ ಪ್ರಧಾನಿ. ಅವರಿಗೆ ಬೇಕಾಗಿದ್ದದ್ದು ಕುರ್ಚಿ ಎಂದು ಎಲ್ಲರಿಗೂ ಗೊತ್ತಿತ್ತು. ಕುರ್ಚಿ ಬೇಕಾದವರು ಬೇಕು ಎಂದು ಹೇಳಿ ಬೀದಿಗೆ ಇಳಿಯಲಿ. ಸೇವೆಯ ಪುಸ್ತಕ ಹಿಡಿದು ಒಳಗೊಳಗೇ ಮತ ಎಣಿಸುವುದು ಬೇಡ, ಜನ ಒಂದೇ ವಾರದಲ್ಲಿ ಹಿಡಿದುಬಿಡುತ್ತಾರೆ. ನಾನು ನಿಲ್ಲುವುದಿಲ್ಲ ಎಂದು ಗ್ರಾಮಸಭೆಯಲ್ಲಿ ಎದ್ದು ಹೇಳಿದ್ದೇನೆ.

ಎಷ್ಟು ಕಾಲ ಬೇಕು? ಅಮೆರಿಕದ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ 1933ರಲ್ಲಿ ಜನರ ಶಾಪ ಹೊತ್ತು ಮನೆಗೆ ಹೋದವರು. ಶ್ವೇತಭವನದಿಂದ ಕರೆ ಬಂದದ್ದು ಹನ್ನೆರಡು ವರ್ಷಗಳ ನಂತರ, ಅಧ್ಯಕ್ಷ ಟ್ರೂಮನ್ ಕಾಲದಲ್ಲಿ. 1946ರಲ್ಲಿ ಯುದ್ಧಾನಂತರದ ಹಸಿವಿನ ಅಂದಾಜಿಗಾಗಿ ದೇಶದೇಶ ಸುತ್ತಿದರು, ಭಾರತಕ್ಕೂ ಬಂದರು. ನನ್ನ ಫೋನು ಮತ್ತೆ ಬಡಿದುಕೊಳ್ಳಲು ಮೂರು ವರ್ಷ ಬೇಕಾಯಿತು. ಈಗ ಬರುವ ಕರೆಗಳಲ್ಲಿ ಶಿಫಾರಸಿನವು ಕಡಿಮೆ. ನೀರು ಎಲ್ಲಿಗೆ ಬಂತು ಎಂಬ ಪ್ರಶ್ನೆಯೇ ಹೆಚ್ಚು.

ಪುಸ್ತಕಕ್ಕೆ ದಪ್ಪ ರಟ್ಟಿನದು ಕೊಳ್ಳಿ, ಬಾಲ್‌ಪೆನ್ನಿನಲ್ಲಿ ಬರೆಯಿರಿ, ತಪ್ಪಾದರೆ ಒಂದೇ ಗೀಟು ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಅಳಿಸಬೇಡಿ. ಮಳೆಗಾಲದಲ್ಲಿ ಹಾಲಿನ ಕವರ್ ತೊಳೆದು ಅದರಲ್ಲಿ ಸುತ್ತಿಡಿ. ತಿಂಗಳಿಗೊಮ್ಮೆ ಪುಟಗಳ ಫೋಟೊ ತೆಗೆದು ಇನ್ನಿಬ್ಬರ ಮೊಬೈಲಿಗೆ ಕಳಿಸಿ. ಈ ಸಲದ ಕಟ್ಟಿನ ನೀರನ್ನು ನಿನ್ನೆ ಬಿಟ್ಟಿದ್ದಾರೆ. ಮೂರನೆಯ ಪುಸ್ತಕದ 112ನೆಯ ಪುಟದಲ್ಲಿ ಆ ತಾರೀಖು ಬರೆದಿದ್ದೇನೆ, ಮುಂದಿನ ಅಂಕಣ ಖಾಲಿ ಇದೆ.